ಜಾನ್ ಪ್ರೈನ್ ಕೇಳೋರು ಯಾರಾದ್ರೂ ಇದೀರಾ? ಪೋಸ್ಟ್‌ಮ್ಯಾನ್ ಆಗಿದ್ದಾಗ್ಲೇ ಹಾಡು ಬರೆದ ಮನುಷ್ಯನ ಬಗ್ಗೆ

ಆರುತಂತಿ

ಎಲ್ರಿಗೂ ನಮಸ್ಕಾರ. ಇಲ್ಲಿ ಕಂಟ್ರಿ ಮ್ಯೂಸಿಕ್ ಮಾತು ಬಂದ್ರೆ ಜಾನ್ ಡೆನ್ವರ್, ಜಾನಿ ಕ್ಯಾಶ್, ಆಮೇಲೆ ಡಾಲಿ ಪಾರ್ಟನ್, ಅಲ್ಲಿಗೆ ನಿಂತುಹೋಗುತ್ತೆ. ಜಾನ್ ಪ್ರೈನ್ ಹೆಸರು ಯಾರೂ ಎತ್ತಿದ್ದು ನಾನು ನೋಡಿಲ್ಲ, ಹುಡುಕಿದ್ರೂ ಒಂದೂ ಥ್ರೆಡ್ ಸಿಗ್ಲಿಲ್ಲ, ಅದಕ್ಕೆ ನಾನೇ ಶುರು ಮಾಡ್ತಿದೀನಿ. ಹತ್ತು ಹನ್ನೊಂದು ವರ್ಷದಿಂದ ಕೇಳ್ತಿದೀನಿ, ಇವತ್ತಿಗೂ ಸಾಕು ಅನ್ಸಿಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹಿನ್ನೆಲೆ. 1946ರಲ್ಲಿ ಶಿಕಾಗೋ ಪಕ್ಕದ ಮೇವುಡ್ ಅನ್ನೋ ಊರಲ್ಲಿ ಹುಟ್ಟಿದ್ದು. ಮನೆಯವರ ಮೂಲ ಕೆಂಟಕಿ ಕಡೆ. ಅಪ್ಪ ಕಾರ್ಖಾನೆಯಲ್ಲಿ ಟೂಲ್ ಅಂಡ್ ಡೈ ಕೆಲಸದೋರು, ಅಂದ್ರೆ ಯಂತ್ರಗಳ ಅಚ್ಚು, ಉಪಕರಣ ಮಾಡೋರು, ಹಳೇ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಾಡು ಅಂದ್ರೆ ಪ್ರಾಣ. 14ನೇ ವಯಸ್ಸಲ್ಲಿ ಅಣ್ಣ ಡೇವ್ ಗಿಟಾರ್ ಕಲಿಸಿದ. ಓದು ಮುಗಿಸಿ ಪೋಸ್ಟ್‌ಮ್ಯಾನ್ ಕೆಲಸಕ್ಕೆ ಸೇರಿದ್ದು, ಮಧ್ಯೆ ಸೈನ್ಯದಿಂದ ಕರೆ ಬಂದು ಹೋಗಿದ್ದು, ವಾಪಸ್ ಬಂದು ಮತ್ತೆ ಅದೇ ಬ್ಯಾಗು ಅದೇ ಬೀದಿ. ಆ ಬೀದಿಗಳಲ್ಲಿ ನಡೀತಾ ನಡೀತಾ ತಲೆಯೊಳಗೇ ಹಾಡು ಕಟ್ಟಿದ್ದು ಅವರು. ಪೋಸ್ಟ್‌ಮ್ಯಾನ್ ಕೆಲಸ ಅಂದ್ರೆ ಪುಸ್ತಕವೇ ಇಲ್ಲದ ಲೈಬ್ರರಿಯಲ್ಲಿ ಇದ್ದಹಾಗೆ ಅಂತ ಆಮೇಲೆ ಎಷ್ಟೋ ಕಡೆ ಹೇಳಿದಾರೆ, ಸರಿಯಾದ ಬೀದಿಗೆ ಬಂದಾಯ್ತು ಅಂದ್ಮೇಲೆ ಯೋಚನೆ ಮಾಡೋದು ಬಿಟ್ರೆ ಬೇರೆ ಕೆಲಸ ಇಲ್ವಲ್ಲ.

ಒಂದು ರಾತ್ರಿ ಫಿಫ್ತ್ ಪೆಗ್ ಅನ್ನೋ ಸಣ್ಣ ಜಾಗದಲ್ಲಿ ಯಾರು ಬೇಕಾದ್ರೂ ಹಾಡಬಹುದಾದ ಕಾರ್ಯಕ್ರಮ, ಇವರು ಕೂತು ಹಾಡೋರೆಲ್ಲ ಚೆನ್ನಾಗಿಲ್ಲ ಅಂತ ಗೊಣಗ್ತಿದ್ರಂತೆ, ಪಕ್ಕದೋರು ಹಾಗಾದ್ರೆ ನೀನೇ ಹತ್ತಿ ಹಾಡು ಅಂದ್ರು. ಹತ್ತಿದ್ರು. ಮೂರು ಹಾಡು ಹಾಡಿದ್ರು, 'ಸ್ಯಾಮ್ ಸ್ಟೋನ್', 'ಹೆಲೋ ಇನ್ ದೇರ್', 'ಪ್ಯಾರಡೈಸ್'. ಮೊದಲನೇ ಸಲ ಸ್ಟೇಜ್ ಹತ್ತಿದ ಹುಡುಗ, ಕೈಯಲ್ಲಿ ಆ ಮೂರು ಹಾಡು! ಜನ ಚಪ್ಪಾಳೆ ತಟ್ಟೋದೂ ಮರ್ತು ಸುಮ್ನೆ ನೋಡ್ತಾ ಕೂತ್ರು, ಆಮೇಲೆ ತಟ್ಟಿದ್ರು. ನನ್ನ ಲೆಕ್ಕದಲ್ಲಿ ಅಮೆರಿಕದಲ್ಲಿ ಹಾಡು ಬರೆದೋರಲ್ಲಿ ಇವರಷ್ಟು ಸಣ್ಣ ಮಾತಲ್ಲಿ ಇವರಷ್ಟು ದೊಡ್ಡದು ಹೇಳಿದೋರು ಬೆರಳೆಣಿಕೆ. ಕೇಳಿದೋರು ಬರೀರಿ, ಕೇಳದೋರಿಗೆ ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳ್ತೀನಿ.

ಮಲೆನಾಡ್_ಹುಡುಗ

ಹೆಸರು ಕೇಳಿದೀನಿ, ಕೋವಿಡ್ ಬಂದಾಗ ತೀರ್ಕೊಂಡ್ರಲ್ವಾ ಮಾರಾಯ್ರೆ? ಆಗ ಪೇಪರಲ್ಲಿ ಓದಿದ ನೆನಪು. 'ಸ್ಯಾಮ್ ಸ್ಟೋನ್' ಒಂದು ಸಲ ಕೇಳಿದೆ, ಮತ್ತೆ ಕೇಳೋ ಧೈರ್ಯ ಬರ್ಲಿಲ್ಲ. ಇವರು ವಿಯೆಟ್ನಾಂಗೆ ಹೋಗಿ ಬಂದೋರು ಅಲ್ವಾ, ಅದಕ್ಕೇ ಹಾಗೆ ಬರೆಯೋಕೆ ಆಗಿದ್ದು.

ಆರುತಂತಿ

ಹೌದು, 2020ರ ಏಪ್ರಿಲ್ 7, ನ್ಯಾಶ್ವಿಲ್‌ನಲ್ಲಿ, 73 ವರ್ಷ. ಆದ್ರೆ ವಿಯೆಟ್ನಾಂಗೆ ಹೋಗಿರ್ಲಿಲ್ಲ. ಅವರನ್ನ ಕಳಿಸಿದ್ದು ಪಶ್ಚಿಮ ಜರ್ಮನಿಗೆ, ಅಲ್ಲಿ ಗಾಡಿಗಳ ಮೆಕ್ಯಾನಿಕ್ ಕೆಲಸ. ಜೊತೆಯ ಹುಡುಗರು ವಿಯೆಟ್ನಾಂಗೆ ಹೋದ್ರು, ವಾಪಸ್ ಬಂದಾಗ ಬೇರೆಯೋರೇ ಆಗಿ ಬಂದ್ರು, ಅದನ್ನ ಪಕ್ಕದಲ್ಲಿ ನಿಂತು ನೋಡಿದೋರು ಇವರು. ಹಾಡಲ್ಲಿ ಯುದ್ಧದ ಒಂದು ಗುಂಡಿನ ಸದ್ದೂ ಇಲ್ಲ ನೋಡಿ. ಮನೆಗೆ ಬಂದ ಸೈನಿಕ, ಎದೆ ಮೇಲೆ ಪದಕ, ನೋವಿಗೆ ಅಂತ ಕೊಟ್ಟ ಮಾರ್ಫೀನ್ ಚಟವಾಗಿ ಹತ್ತಿದ್ದು, ಮನೇಲಿ ಮಕ್ಕಳು. ಎಲ್ಲಾ ಮನೆಯೊಳಗೇ ನಡೆಯೋದು. ಜಾನಿ ಕ್ಯಾಶ್ ಇದನ್ನ ಹಾಡುವಾಗ ಏಸುವಿನ ಹೆಸರು ಬರೋ ಒಂದು ಸಾಲು ತಮ್ಮ ನಂಬಿಕೆಗೆ ಹೊಂದಲ್ಲ ಅಂತ ಬದಲಾಯಿಸಿಕೊಂಡು ಹಾಡಿದ್ರು. ಆ ಸಾಲು ಕೇಳಿದ್ರೆ ಯಾಕೆ ಅಂತ ಗೊತ್ತಾಗುತ್ತೆ, ಆದ್ರೆ ಆ ಸಾಲಿಲ್ದೆ ಹಾಡು ಅರ್ಧ ಖಾಲಿ ಅನ್ಸುತ್ತೆ ನಂಗೆ.

ಧಾರವಾಡ_ಪೇಡಾ

ನಮಸ್ಕಾರ್ರೀ. ಭಾಳ ದಿವಸಕ್ಕ ಒಂದು ಛಲೋ ಥ್ರೆಡ್ ಸಿಕ್ತು. ನನಗ ಇಂಗ್ಲಿಷ್ ಹಾಡು ಅಂದ್ರ ಅರ್ಧಾ ಮಾತು ತಿಳೀದ ಹಂಗ ಹೋಗಿಬಿಡತಾವ, ಆದ್ರ ನೀವು ಹೇಳಿದ 'ಪ್ಯಾರಡೈಸ್' ಈಗ ಹಚ್ಚಿ ಕೇಳಿದೆ, ಒಂದೊಂದು ಶಬ್ದಾನೂ ತಿಳೀತು. ಮೂರು ಮಾತ್ರೆ ನಡಿಗಿ ಐತಿ, ನಾನು ಟೇಬಲ್ ಮ್ಯಾಲೆ ದಾದ್ರಾ ಬಾರಿಸಿಕೋತ ಕುಂತೆ, ಎಷ್ಟು ಛಂದ ಕೂಡ್ತು ಅಂತೀರಿ. ಆ ಊರು ಖರೇನ ಇತ್ತೇನ್ರಿ, ಇಲ್ಲಾ ಕಟ್ಟಿದ ಕತಿಯೋ?

ಆರುತಂತಿ

ಖಂಡಿತ ಇತ್ತು ಸರ್. ಕೆಂಟಕಿಯ ಮುಲೆನ್‌ಬರ್ಗ್ ಕೌಂಟಿ, ಗ್ರೀನ್ ರಿವರ್ ದಡ, ಪ್ಯಾರಡೈಸ್ ಅಂತಲೇ ಹೆಸರು. ಪ್ರೈನ್ ಅವರ ಅಪ್ಪ ಅಮ್ಮನ ಕಡೆಯ ಜನ ಇದ್ದ ಜಾಗ, ಚಿಕ್ಕಂದಿನಲ್ಲಿ ರಜೆಗೆ ಹೋಗ್ತಿದ್ದ ಊರು, ಎರಡೇ ಎರಡು ಅಂಗಡಿ. ಇವರು ಜರ್ಮನಿಯಲ್ಲಿದ್ದಾಗ ಅಪ್ಪ ಒಂದು ಪೇಪರ್ ಕಟಿಂಗ್ ಕಳಿಸಿದ್ರು, ಕಲ್ಲಿದ್ದಲು ಕಂಪನಿ ಊರನ್ನೇ ಕೊಂಡ್ಕೊಂಡಿದೆ ಅಂತ. ಸುತ್ತಮುತ್ತ ಪೀಬಾಡಿ ಕಂಪನಿ ನೆಲದ ಮೇಲ್ಪದರವನ್ನೇ ಕೆರೆದು ತೆಗೆದು ಕಲ್ಲಿದ್ದಲು ಎತ್ತಿತು, ಪಕ್ಕದಲ್ಲೇ ಟೆನೆಸಿ ವ್ಯಾಲಿ ಅಥಾರಿಟಿಯ ದೊಡ್ಡ ವಿದ್ಯುತ್ ಸ್ಥಾವರ ಬಂತು, ಅದರ ಬೂದಿ ಹೊಗೆ ಊರ ಮೇಲೆ ಬೀಳೋಕೆ ಶುರುವಾಗಿ 1967ರ ಹೊತ್ತಿಗೆ ಉಳಿದೋರೂ ಜಾಗ ಖಾಲಿ ಮಾಡಿದ್ರು.

ಹಾಡು ಅಪ್ಪನಿಗೋಸ್ಕರ ಬರೆದಿದ್ದು. ಇದನ್ನ ಹೇಳಲೇಬೇಕು. ರೆಕಾರ್ಡಿಂಗ್ ಮುಗಿದ್ಮೇಲೆ, ಆಲ್ಬಮ್ ಹೊರಗೆ ಬರೋ ಮುಂಚೆ, ಟೇಪ್ ತಗೊಂಡು ಮನೆಗೆ ಬಂದ್ರು. ಮನೇಲಿ ಟೇಪ್ ಮೆಷಿನ್ ಇಲ್ಲ, ಯಾರದ್ದೋ ಕೇಳಿ ತಂದು ಹಾಕಿದ್ರು. ಈ ಹಾಡು ಶುರುವಾಯ್ತು, ಅಪ್ಪ ಎದ್ದು ಪಕ್ಕದ ರೂಮಿಗೆ ಹೋಗಿ ಕತ್ತಲಲ್ಲಿ ಕೂತ್ರು. ಯಾಕಪ್ಪಾ ಅಂದ್ರೆ, ಜೂಕ್‌ಬಾಕ್ಸಲ್ಲಿ ಬರ್ತಿದೆ ಅಂದ್ಕೊಂಡು ಕೇಳೋಣ ಅಂತ ಹೋದೆ ಅಂದ್ರಂತೆ. ಮಗನ ಹಾಡು ಪಬ್ಲಿಕ್ ಜಾಗದಲ್ಲಿ, ದುಡ್ಡು ಹಾಕಿ ಯಾರೋ ಕೇಳ್ತಿರೋ ಹಾಗೆ ಕೇಳ್ಬೇಕಿತ್ತು ಅವರಿಗೆ. ಆಲ್ಬಮ್ ಬರೋ ಮುಂಚೆನೇ 1971ರಲ್ಲಿ ಆ ಅಪ್ಪ ತೀರಿಹೋದ್ರು.

ಧಾರವಾಡ_ಪೇಡಾ

ಏನ್ರೀ ಇದು. ಮುಂಜಾನೆ ಮುಂಜಾನೆ ಕಣ್ಣಾಗ ನೀರು ತರಿಸಿದ್ರಿ.

ಕಿಟಕಿ_ಸೀಟು

ನಾನು ಶಿಕಾಗೋ ಹತ್ರ ಇರೋದು, ಬಂದು ಒಂಬತ್ತು ವರ್ಷ ಆಯ್ತು. ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್ ಇನ್ನೂ ನಡೀತಿದೆ, ಪ್ರೈನ್ ಅಲ್ಲೇ ಕ್ಲಾಸಿಗೆ ಹೋಗ್ತಿದ್ದದ್ದು. ನನ್ನ ಮಗಳು ಅಲ್ಲಿ ಗಿಟಾರ್ ಕಲೀತಾಳೆ, ಕಾರಿಡಾರಲ್ಲಿ ಕಾಯ್ತಾ ಕೂತಾಗ ಯಾವುದೋ ಒಂದು ರೂಮಿಂದ ಹತ್ತಾರು ಜನ ಒಟ್ಟಿಗೆ 'ಏಂಜೆಲ್ ಫ್ರಮ್ ಮಾಂಟ್ಗೊಮರಿ' ಹಾಡ್ತಿದ್ರು, ನಾನು ಪ್ರೈನ್ ಕೇಳೋಕೆ ಶುರು ಮಾಡಿದ್ದೇ ಹಾಗೆ.

ಇಲ್ಲಿಯವರು ಹೆಮ್ಮೆಯಿಂದ ಹೇಳೋ ಇನ್ನೊಂದು ಕತೆ ಇದೆ. ಸಿನಿಮಾ ವಿಮರ್ಶೆ ಬರೀತಿದ್ದ ರೋಜರ್ ಈಬರ್ಟ್ ಒಂದು ಸಿನಿಮಾ ಹಿಡಿಸದೆ ಅರ್ಧಕ್ಕೆ ಎದ್ದು ಬಂದು, ಪಾಪ್‌ಕಾರ್ನ್ ಉಪ್ಪುಪ್ಪಾಗಿತ್ತು ಅಂತ ಬಿಯರ್ ಕುಡಿಯೋಕೆ ಫಿಫ್ತ್ ಪೆಗ್‌ಗೆ ಹೋದ್ರು. ಅಲ್ಲಿ ಈ ಪೋಸ್ಟ್‌ಮ್ಯಾನ್ ಹಾಡ್ತಿದ್ದ. ಸಿನಿಮಾ ಬಿಟ್ಟು ಈ ಹಾಡುಗಾರನ ಬಗ್ಗೆ ಬರೆದ್ರು, 1970ರ ಅಕ್ಟೋಬರ್ 9ರ ಸನ್-ಟೈಮ್ಸ್ ಪೇಪರಲ್ಲಿ. ಮಾರನೇ ದಿನ ಪ್ರೈನ್‌ಗೆ 24 ತುಂಬಿತು. ಆಮೇಲಿಂದ ಖಾಲಿ ಕುರ್ಚಿ ಅನ್ನೋದು ಇರ್ಲಿಲ್ವಂತೆ.

ಅಂಚೆಯಣ್ಣನ_ಮಗಳು

ಹೆಡ್ಡಿಂಗ್ ನೋಡಿ ಒಳಗೆ ಬಂದೆ. ನಮ್ಮಪ್ಪ ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ ಕಡೆ 34 ವರ್ಷ ಪೋಸ್ಟ್‌ಮ್ಯಾನ್. ನಂಗೆ ಈ ಸಂಗೀತ ಏನೂ ಗೊತ್ತಿಲ್ಲ, ಆದ್ರೆ ಬೀಟ್ ಮೇಲೆ ನಡೀತಾ ಹಾಡು ಕಟ್ಟೋದು ಅನ್ನೋದು ಕೇಳಿ ಖುಷಿಯಾಯ್ತು. ಅಪ್ಪ ಹೇಳ್ತಿದ್ರು, ಒಬ್ರು ಅಜ್ಜಿಗೆ ವರ್ಷಕ್ಕೆ ಒಂದೋ ಎರಡೋ ಕಾಗದ ಬರ್ತಿದ್ದಿದ್ದು, ಆದ್ರೂ ದಿನಾ ಅಪ್ಪ ಬರೋ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿರ್ತಿದ್ರಂತೆ. ಇವತ್ತಿಲ್ಲ ಅಜ್ಜಿ ಅಂದ್ರೆ, ಇಲ್ದಿದ್ರೆ ಏನಂತೆ ಮಜ್ಜಿಗೆ ಕುಡ್ಕೊಂಡು ಹೋಗು ಅಂತಿದ್ರಂತೆ. ಇವರ ಹಾಡಲ್ಲಿ ಅಂಥದ್ದು ಏನಾದ್ರೂ ಇದ್ಯಾ?

ಆರುತಂತಿ

ಅಕ್ಕಾ, ನೀವು ಹೇಳಿದ ಆ ಅಜ್ಜಿಯೇ 'ಹೆಲೋ ಇನ್ ದೇರ್'. ನಿಜವಾಗ್ಲೂ.

ಅದು ಒಬ್ಬ ವಯಸ್ಸಾದ ಗಂಡಸು ಹೇಳೋ ಹಾಡು. ಮಕ್ಕಳು ದೊಡ್ಡವರಾಗಿ ದೂರ ಹೋಗಿದಾರೆ, ಒಬ್ಬ ಮಗ ಕೊರಿಯಾ ಯುದ್ಧದಲ್ಲಿ ಹೋದ, ಹೆಂಡತಿ ಹತ್ರಾನೂ ಈಗ ಜಾಸ್ತಿ ಮಾತಿಲ್ಲ. ಕೊನೆಗೆ ಕೇಳೋರ ಕಡೆ ತಿರುಗಿ, ದಾರೀಲಿ ಇಂಥ ಮುದುಕರ ಕಣ್ಣು ಕಂಡ್ರೆ ಸುಮ್ನೆ ನೋಡ್ಕೊಂಡು ಹೋಗ್ಬೇಡಿ, ಮಾತಾಡ್ಸಿ ಅನ್ನುತ್ತೆ. ಇದನ್ನ ಬರೆದಾಗ ಅವರಿಗೆ ಇನ್ನೂ 24 ಆಗಿರ್ಲಿಲ್ಲ. ಹುಡುಗನಾಗಿದ್ದಾಗ ಗೆಳೆಯನ ಜೊತೆ ಒಂದು ವೃದ್ಧಾಶ್ರಮದಲ್ಲಿ ಪೇಪರ್ ಹಂಚೋಕೆ ಹೋಗ್ತಿದ್ರು, ಅಲ್ಲಿ ಕೆಲವರು ಈ ಹುಡುಗರನ್ನ ಮೊಮ್ಮಗ ಬಂದ ಅನ್ನೋ ಹಾಗೆ ಮಾತಾಡಿಸ್ತಿದ್ರಂತೆ, ಪಕ್ಕದ ಹಾಸಿಗೆಯವರಿಗೆ ನನ್ನನ್ನ ನೋಡೋಕೂ ಜನ ಬರ್ತಾರೆ ಅಂತ ಕಾಣ್ಲಿ ಅಂತ. ಅದು ಮನಸ್ಸಲ್ಲಿ ಉಳಿದಿತ್ತು. ಆಮೇಲೆ ಜಾನ್ ಲೆನನ್ ಹಾಡೊಂದ್ರಲ್ಲಿ ದನಿ ಗುಂಯ್ ಅಂತ ಎಲ್ಲೋ ಒಳಗಿಂದ ಬಂದಹಾಗೆ ಕೇಳಿ, ಟೊಳ್ಳು ಮರದ ದಿಮ್ಮಿ ಒಳಗೆ ಬಾಯಿಟ್ಟು ಯಾರಿದೀರಿ ಒಳಗೆ ಅಂತ ಕೂಗೋದು ನೆನಪಾಯ್ತಂತೆ. ಹಾಡಿನ ಹೆಸರು ಅಲ್ಲಿಂದ.

ನಿಮ್ಮಪ್ಪನಿಗೆ ಇಷ್ಟ ಆಗೋ ವಿಷಯ ಇನ್ನೊಂದು. ಅಲ್ಲಿ ಬೀಟ್‌ನ ಎಲ್ಲಾ ಕಾಗದ ಒಂದೇ ಸಲ ಹೆಗಲ ಮೇಲೆ ಹೊರೋಕಾಗಲ್ಲ ಅಂತ ದಾರಿ ಮಧ್ಯೆ ಅಲ್ಲಲ್ಲಿ ರಿಲೇ ಬಾಕ್ಸ್ ಅಂತ ಇಟ್ಟಿರ್ತಾರೆ. ನೋಡೋಕೆ ದೊಡ್ಡ ಅಂಚೆ ಡಬ್ಬಿ ಥರಾನೇ, ಆದ್ರೆ ಕಾಗದ ಹಾಕೋ ಬಾಯಿ ಇರಲ್ಲ, ಬೀಗ ಇರುತ್ತೆ. ಗಾಡಿಯೋರು ಮುಂಚೆನೇ ಕಟ್ಟು ತಂದು ಅದ್ರಲ್ಲಿಟ್ಟು ಹೋಗಿರ್ತಾರೆ, ಪೋಸ್ಟ್‌ಮ್ಯಾನ್ ಅಲ್ಲಿಗೆ ಬಂದು ಬೀಗ ತೆಗೆದು ಮುಂದಿನ ಕಟ್ಟು ತಗೋಬೇಕು. ಶಿಕಾಗೋದ ಚಳಿಗಾಳಿ ತಡೀಲಾರದೆ ಪ್ರೈನ್ ಆ ಡಬ್ಬಿಯೊಳಗೆ ಹೊಕ್ಕು ಸ್ಯಾಂಡ್‌ವಿಚ್ ತಿಂತಿದ್ರು. 'ಹೆಲೋ ಇನ್ ದೇರ್' ಹಾಡಿನ ಕೆಲಸ ನಡೆದಿದ್ದು ಅಲ್ಲಿ ಕೂತು. ಒಳಗೆ ಯಾರಿದೀರಿ ಅಂತ ಕರೆಯೋ ಹಾಡು, ಬರೆಯೋನು ಕಬ್ಬಿಣದ ಡಬ್ಬಿ ಒಳಗೆ!

ಅಂಚೆಯಣ್ಣನ_ಮಗಳು

ಭಾನುವಾರ ಊರಿಗೆ ಹೋಗ್ತಿದೀನಿ, ಅಪ್ಪನಿಗೆ ಕೇಳಿಸ್ತೀನಿ. ಮಾತಿನ ಅರ್ಥ ನಾನೇ ಹೇಳ್ತೀನಿ.

ತಂಬೂರಿ

ಎಲ್ಲಾ ಸರಿ, ನಂದೊಂದು ತಕರಾರು ಇದೆ. ಮೊದಲನೇ ಆಲ್ಬಮ್ ಅದ್ಭುತ, ಒಪ್ತೀನಿ. ಆದ್ರೆ ಕೊನೆ ಕಾಲದ ರೆಕಾರ್ಡಿಂಗ್ ಕೇಳಿದೆ, ದನಿ ಪೂರ್ತಿ ಒಡೆದು ಹೋಗಿದೆ, ಅರ್ಧ ಹಾಡು ಅರ್ಧ ಮಾತು. ಅಭಿಮಾನಿಗಳು ಅದನ್ನೇ ಹೊಗಳ್ತಾರೆ. ಪ್ರೀತಿ ಇರ್ಲಿ, ಆದ್ರೆ ಸಂಗೀತ ಅಂದ್ಮೇಲೆ ಶಾರೀರಾನೂ ಮುಖ್ಯ ಅಲ್ವಾ. ಇನ್ನೊಂದು ಪ್ರಶ್ನೆ, ಇವರು ಕಂಟ್ರಿನಾ ಫೋಕಾ? ಎರಡೂ ಕಡೆ ಹೆಸರು ನೋಡ್ತೀನಿ.

ಆರುತಂತಿ

ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಉತ್ತರ ಕೊಡ್ತೀನಿ.

ಮೊದಲು ದನಿ ವಿಷಯ. ನೀವು ಅದ್ಭುತ ಅನ್ನೋ 1971ರ ಆಲ್ಬಮ್ ಇದ್ಯಲ್ಲ, ಅದರ ದನಿ ಪ್ರೈನ್‌ಗೇ ಇಷ್ಟ ಇರ್ಲಿಲ್ಲ. ಆಗಲೇ ಹೆಸರು ಮಾಡಿದ್ದ ಕಂಟ್ರಿ ಹಾಡುಗಾರ ಕ್ರಿಸ್ ಕ್ರಿಸ್ಟಾಫರ್ಸನ್ ಒಂದು ರಾತ್ರಿ ಶಿಕಾಗೋದ ಕ್ಲಬ್ಬಲ್ಲಿ ಕುರ್ಚಿಗಳನ್ನೆಲ್ಲ ಟೇಬಲ್ ಮೇಲೆ ಬೋರಲು ಹಾಕಿದ್ಮೇಲೆ ಇವರ ಹಾಡು ಕೇಳಿ, ಮುಗಿದ ತಕ್ಷಣ ಇನ್ನೊಂದ್ಸಲ ಹಾಡು ಅಂದಿದ್ದು, ಅವರನ್ನ ಅಲ್ಲಿಗೆ ಎಳ್ಕೊಂಡು ಬಂದಿದ್ದು ಗೆಳೆಯ ಸ್ಟೀವ್ ಗುಡ್‌ಮನ್, ಆಮೇಲೆ ನ್ಯೂಯಾರ್ಕಿನ ಬಿಟರ್ ಎಂಡ್ ಕ್ಲಬ್ಬಲ್ಲಿ ಕ್ರಿಸ್ಟಾಫರ್ಸನ್ ತಮ್ಮ ಸ್ಟೇಜಿಗೇ ಕರೆದು ಹಾಡ್ಸಿದ್ರು, ಅಲ್ಲಿ ಕೇಳಿದ ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಜೆರ್ರಿ ವೆಕ್ಸ್‌ಲರ್ ಮಾರನೇ ದಿನಾನೇ ತಮ್ಮ ಕಂಪನಿಗೆ ಸೈನ್ ಮಾಡಿಸಿದ್ರು. ಎಲ್ಲಾ ಅಷ್ಟು ಬೇಗ ಆಗಿದ್ದು. ಮೊನ್ನೆವರೆಗೆ ಪೋಸ್ಟ್‌ಮ್ಯಾನ್ ಆಗಿದ್ದ ಹುಡುಗನನ್ನ ಮೆಂಫಿಸ್‌ಗೆ ಕರ್ಕೊಂಡು ಹೋಗಿ ಎಲ್ವಿಸ್ ಜೊತೆ ನುಡಿಸಿದ್ದ ಕಲಾವಿದರ ಮಧ್ಯೆ ನಿಲ್ಲಿಸಿದ್ರು. ಪ್ರೊಡ್ಯೂಸರ್ ಆರಿಫ್ ಮಾರ್ಡಿನ್. ಹೆದರಿಕೆ ದನಿಯಲ್ಲಿ ಕೇಳ್ಸುತ್ತೆ ಅಂತ ಪ್ರೈನ್ ಅವರೇ ಹೇಳ್ತಿದ್ರು. 'ಪ್ಯಾರಡೈಸ್' ಒಂದೇ ನ್ಯೂಯಾರ್ಕ್‌ನಲ್ಲಿ ಅಣ್ಣ ಡೇವ್, ಗುಡ್‌ಮನ್ ಜೊತೆ ಮಾಡಿದ್ದು, ಅದ್ರಲ್ಲಿ ಮನುಷ್ಯ ಎಷ್ಟು ಸಲೀಸಾಗಿದಾರೆ ಕೇಳಿ ನೋಡಿ. ಒಂದೇ ಆಲ್ಬಮ್ ಒಳಗೇ ವ್ಯತ್ಯಾಸ ಗೊತ್ತಾಗುತ್ತೆ.

1998ರಲ್ಲಿ ಕುತ್ತಿಗೆಯ ಬಲಗಡೆ ಕ್ಯಾನ್ಸರ್ ಅಂತ ಆಪರೇಷನ್ ಆಯ್ತು, ಆಮೇಲೆ ರೇಡಿಯೇಷನ್. ದನಿ ಕೆಳಗಿಳಿದುಬಿಡ್ತು, ಹಳೇ ಶ್ರುತಿಗೆ ಏರ್ತಿರ್ಲಿಲ್ಲ. ಎಲ್ಲಾ ಹಾಡಿನ ಶ್ರುತಿ ಇಳಿಸಬೇಕಾಯ್ತು. ಅವರು ಏನಂದ್ರು ಗೊತ್ತಾ, ಶ್ರುತಿ ಬದಲಾದ್ಮೇಲೆ ನನ್ನ ಹಳೇ ಹಾಡುಗಳೇ ನಂಗೆ ಹೊಸದಾಗಿ ಕೇಳ್ಸಿದ್ವು, ಈ ದನಿಯೇ ನಂಗೆ ಜಾಸ್ತಿ ಇಷ್ಟ ಅಂತ. 2000ದಲ್ಲಿ 'ಸೂವನಿರ್ಸ್' ಅಂತ ಆಲ್ಬಮ್ ಬಂತು, ಹಳೇ ಹಾಡುಗಳನ್ನೇ ಈ ಹೊಸ ದನಿಯಲ್ಲಿ ಮತ್ತೆ ರೆಕಾರ್ಡ್ ಮಾಡಿದ್ದು. ನೀವು ಒಂದು ಕೆಲಸ ಮಾಡಿ, 1971ರ 'ಹೆಲೋ ಇನ್ ದೇರ್' ಕೇಳಿ, ತಕ್ಷಣ 2000ದ್ದು ಕೇಳಿ. ಮೊದಲನೇದ್ರಲ್ಲಿ ಒಬ್ಬ ಹುಡುಗ ಮುದುಕರ ಬಗ್ಗೆ ಹೇಳ್ತಿದಾನೆ. ಎರಡನೇದ್ರಲ್ಲಿ 54ರ ಹತ್ರ ಬಂದ, ಸಾವಿನ ಬಾಗಿಲು ನೋಡಿ ಬಂದ ಮನುಷ್ಯ ತಾನೇ ಆ ಮನೆಯೊಳಗಿಂದ ಮಾತಾಡ್ತಿದಾನೆ. ಶಾರೀರ ಹೋಗಿದೆ ಅನ್ನೋದಕ್ಕೆ ನಾನು ಒಪ್ಪಲ್ಲ. ಹಾಡಿಗೆ ತಕ್ಕ ವಯಸ್ಸು ದನಿಗೆ ಬಂತು.

ಕಂಟ್ರಿನಾ ಫೋಕಾ ಅಂದ್ರೆ, ಬೇರು ಪೂರ್ತಿ ಕಂಟ್ರಿ. ಅಪ್ಪನಿಗೆ ಖುಷಿಯಾಗ್ಲಿ ಅಂತ ಹ್ಯಾಂಕ್ ವಿಲಿಯಮ್ಸ್ ಹಾಡು ಕಲಿತೋರು, ಕಾರ್ಟರ್ ಫ್ಯಾಮಿಲಿ ಅನ್ನೋ ಹಳೇ ಕಂಟ್ರಿ ತಂಡದ ಹಾಡು ಕೇಳಿ ಬೆಳೆದೋರು, 1980ರ ಹೊತ್ತಿಗೆ ನ್ಯಾಶ್ವಿಲ್‌ಗೇ ಹೋಗಿ ಸಾಯೋವರೆಗೂ ಅಲ್ಲೇ ಇದ್ದೋರು. ರೋಜರ್ ಕುಕ್ ಜೊತೆ ಬರೆದ ಒಂದು ಹಾಡನ್ನ ಡಾನ್ ವಿಲಿಯಮ್ಸ್ 1983ರಲ್ಲಿ, ಇನ್ನೊಂದನ್ನ ಜಾರ್ಜ್ ಸ್ಟ್ರೇಟ್ 1998ರಲ್ಲಿ ಕಂಟ್ರಿ ಪಟ್ಟಿಯ ಒಂದನೇ ಸ್ಥಾನಕ್ಕೆ ಒಯ್ದಿದಾರೆ. 1999ರ 'ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್' ಹೆಚ್ಚುಕಮ್ಮಿ ಪೂರ್ತಿ ಹಳೇ ಕಂಟ್ರಿ ಯುಗಳಗೀತೆಗಳೇ, ಐರಿಸ್ ಡಿಮೆಂಟ್, ಎಮ್ಮಿಲೂ ಹ್ಯಾರಿಸ್, ಕಾನಿ ಸ್ಮಿತ್ ಎಲ್ಲಾ ಇದಾರೆ.

ತಂಬೂರಿ

ಎರಡೂ ಕೇಳಿದೆ. ಒಂದಾದ ಮೇಲೆ ಒಂದು, ನೀವು ಹೇಳಿದ ಹಾಗೆ. 1971ರದ್ದೇ ನಂಗೆ ಇನ್ನೂ ಇಷ್ಟ, ಆದ್ರೆ ದನಿ ಒಡೆದಿದೆ ಅಂತ ಬರೆದಿದ್ದನ್ನ ವಾಪಸ್ ತಗೋತೀನಿ.

ಮಲೆನಾಡ್_ಹುಡುಗ

ಗಿಟಾರ್ ಕಲಿಯೋರಿಗೆ ಇವರ ಹಾಡು ಸುಲಭವಾ?

ಆರುತಂತಿ

ಎಡಗೈಗೆ ಸುಲಭ, ಸುಮಾರು ಹಾಡಿಗೆ ಮೂರೇ ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು. ಬಲಗೈ ಕೂರೋಕೆ ಟೈಮ್ ತಗೊಳುತ್ತೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ಬಿಟ್ಟು ಒಂದು, ಗಡಿಯಾರದ ಹಾಗೆ ನಿಲ್ಲದೆ ನಡೀತಿರ್ಬೇಕು, ಉಳಿದ ಬೆರಳು ಸಣ್ಣ ತಂತಿಯಲ್ಲಿ ರಾಗ ಮೀಟ್ಬೇಕು. ಹಳೇ ಬ್ಲೂಸ್ ಗಿಟಾರ್ ವಾದಕ ಮಿಸಿಸಿಪ್ಪಿ ಜಾನ್ ಹರ್ಟ್ ಅವರಿಂದ ಬಂದ ಪದ್ಧತಿ. ಹಾಡೋಕೆ ಬಾಯಿ ತೆಗೆದ ತಕ್ಷಣ ಹೆಬ್ಬೆರಳು ನಿಂತುಹೋಗುತ್ತೆ, ನಂಗೆ ಐದಾರು ತಿಂಗಳು ಹಿಡೀತು. ಮೊದಲು ಹೆಬ್ಬೆರಳು ಒಂದೇ, ಅದರ ಜೊತೆ ಯಾರ ಹತ್ರಾನಾದ್ರೂ ಮಾತಾಡ್ತಾ ನುಡಿಸಿ ಅಭ್ಯಾಸ ಮಾಡಿ.

ನುಡಿಸಾಣಿಕೆ ಅಂದ್ರೆ 1972ರ 'ಡೈಮಂಡ್ಸ್ ಇನ್ ದ ರಫ್' ಆಲ್ಬಮ್‌ನ 'ಸೂವನಿರ್ಸ್' ಹಾಡು ಕೇಳಿ. ಎರಡು ಗಿಟಾರ್, ಒಂದು ಪ್ರೈನ್, ಒಂದು ಸ್ಟೀವ್ ಗುಡ್‌ಮನ್. ಗುಡ್‌ಮನ್ ಗೆಳೆಯನ ಗಿಟಾರನ್ನ ಮುಚ್ಚಿಹಾಕದ ಹಾಗೆ ಅದರೊಳಗೇ ನುಡಿಸ್ತಿದ್ರು, ಯಾವುದು ಯಾರದ್ದು ಅಂತ ಬಿಡಿಸೋಕೇ ಆಗಲ್ಲ. ಅವರು ಲ್ಯುಕೀಮಿಯಾದಿಂದ 1984ರಲ್ಲಿ 36ನೇ ವಯಸ್ಸಿಗೇ ಹೋದ್ರು. ಆಮೇಲೆ ಮೂವತ್ತೈದು ವರ್ಷ ಪ್ರೈನ್ ಆ ಹಾಡನ್ನ ಸ್ಟೇಜ್ ಮೇಲೆ ಹಾಡಿದ್ರು.

ಕಿಟಕಿ_ಸೀಟು

ನಾನು ಇವರನ್ನ ಗೌರವಿಸೋದು ಇನ್ನೊಂದು ಕಾರಣಕ್ಕೆ. ದೊಡ್ಡ ಕಂಪನಿಗಳ ಸಹವಾಸ ಸಾಕು ಅಂತ 1981ರಲ್ಲಿ ಮ್ಯಾನೇಜರ್ ಅಲ್ ಬುನೆಟಾ ಮತ್ತು ಡ್ಯಾನ್ ಐನ್‌ಸ್ಟೈನ್ ಜೊತೆ ಸೇರಿ ಓ ಬಾಯ್ ರೆಕಾರ್ಡ್ಸ್ ಅಂತ ತಮ್ಮದೇ ಕಂಪನಿ ಮಾಡಿದ್ರು. ಇಂಟರ್ನೆಟ್ ಇಲ್ಲ, ಏನಿಲ್ಲ. ಮೊದಲು ಬಂದದ್ದು ಕ್ರಿಸ್ಮಸ್‌ಗೆ ಅಂತ ಕೆಂಪು ಬಣ್ಣದ ಒಂದು ಸಣ್ಣ ರೆಕಾರ್ಡ್. 1984ರಲ್ಲಿ 'ಏಮ್‌ಲೆಸ್ ಲವ್' ಬಂದಾಗ ಕೇಳುಗರು ಅಂಚೆಯಲ್ಲಿ ಚೆಕ್ ಕಳ್ಸಿ ರೆಕಾರ್ಡ್ ತರಿಸ್ಕೊಂಡ್ರು, ಅದೂ ಆಲ್ಬಮ್ ಕೈಗೆ ಬರೋ ಮುಂಚೆನೇ. ಅದೇ ಸಣ್ಣ ಕಂಪನಿಯಿಂದ ಬಂದ 1991ರ 'ದ ಮಿಸ್ಸಿಂಗ್ ಇಯರ್ಸ್'ಗೆ ಗ್ರ್ಯಾಮಿ ಬಂತು.

ಆರುತಂತಿ

ನೋಡಿ, ಅಲ್ಲೂ ಅಂಚೆಯೇ ಕಾಪಾಡಿದ್ದು.

ಎಲ್ಲಿಂದ ಶುರು ಮಾಡೋದು ಅಂತ ಒಬ್ರು ಮೆಸೇಜ್ ಮಾಡಿದ್ರು. 1971ರ ಆಲ್ಬಮ್ ಪೂರ್ತಿ, ಅದ್ರಲ್ಲಿ 'ಏಂಜೆಲ್ ಫ್ರಮ್ ಮಾಂಟ್ಗೊಮರಿ' ಎರಡು ಸಲ. ಪಾತ್ರೆ ತೊಳೀತಾ ನಿಂತ ಹೆಂಗಸು, ಕೈಯಲ್ಲಿ ಸೋಪಿನ ನೊರೆ, ಇರೋ ವಯಸ್ಸಿಗಿಂತ ಜಾಸ್ತಿ ವಯಸ್ಸಾದ ಹಾಗೆ ಅನ್ನಿಸ್ತಿರೋಳು, ಪ್ರೈನ್ ಮನಸ್ಸಿಗೆ ಮೊದಲು ಬಂದ ಚಿತ್ರ ಅದು. ಗಂಡಸೊಬ್ಬ ಹೆಂಗಸಿನ ದನಿಯಲ್ಲಿ ಬರೆದಿದಾನೆ ಅಂತ ಅನ್ನಿಸೋದೇ ಇಲ್ಲ. 1974ರಲ್ಲಿ ಗಾಯಕಿ ಬಾನಿ ರೇಟ್ ಹಾಡಿದ್ಮೇಲೆ ಅದು ಅವರ ಹಾಡೂ ಆಗಿಹೋಯ್ತು. ಅಲ್ಲಿಂದ ನೇರ 2018ರ 'ದ ಟ್ರೀ ಆಫ್ ಫರ್ಗಿವ್‌ನೆಸ್'ಗೆ ಬನ್ನಿ. 2013ರಲ್ಲಿ ಎಡ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆಗಿತ್ತು, ಉಸಿರು ವಾಪಸ್ ಬರ್ಬೇಕು ಅಂತ ಮನೆ ಮೆಟ್ಟಿಲು ಹತ್ತಿ ಇಳಿದು ಓಡಿ, ಏದುಸಿರು ಬಿಡ್ತಿರುವಾಗ್ಲೇ ಗಿಟಾರ್ ಎತ್ಕೊಂಡು ಹಾಡು ಹಾಡ್ತಿದ್ರಂತೆ. ಆ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಹೋಯ್ತು. ಜೀವಮಾನದಲ್ಲಿ ಅಷ್ಟು ಮೇಲೆ ಹೋಗಿದ್ದು ಅದೇ ಮೊದಲು, 71ನೇ ವಯಸ್ಸಲ್ಲಿ.

ಧಾರವಾಡ_ಪೇಡಾ

ಆ ಪ್ಯಾರಡೈಸ್ ಊರಾಗಿನ ಕರೆಂಟ್ ಸ್ಥಾವರ ಈಗೂ ಐತೇನ್ರಿ?

ಆರುತಂತಿ

ಕಲ್ಲಿದ್ದಲಿನದ್ದು ಇಲ್ಲ ಸರ್. ಕೊನೇ ಘಟಕ 2020ರ ಫೆಬ್ರವರಿಯಲ್ಲಿ ನಿಂತಿತು, ಪ್ರೈನ್ ಹೋಗೋಕೆ ಎರಡು ತಿಂಗಳು ಮುಂಚೆ. ಸತ್ತಮೇಲೆ ಬೂದಿಯನ್ನ ಗ್ರೀನ್ ರಿವರ್‌ನಲ್ಲಿ ಬಿಡಿ ಅಂತ ಹಾಡಲ್ಲೇ ಕೇಳ್ಕೊಂಡಿದ್ರು, ಅದೇ ರೀತಿ ಅರ್ಧ ಬೂದಿ ಆ ಹೊಳೆಯಲ್ಲಿ ಬಿಟ್ರು. ಇನ್ನರ್ಧ ಶಿಕಾಗೋದಲ್ಲಿ ಅಪ್ಪ ಅಮ್ಮನ ಪಕ್ಕ.

ಅಂಚೆಯಣ್ಣನ_ಮಗಳು

ಊರಿಂದ ಬರೀತಿದೀನಿ. ಮಧ್ಯಾಹ್ನ ಊಟ ಆದ್ಮೇಲೆ ಅಪ್ಪನಿಗೆ 'ಹೆಲೋ ಇನ್ ದೇರ್' ಹಾಕಿದೆ, 2000ದ್ದು. ಒಂದೊಂದು ಸಾಲಿಗೂ ನಿಲ್ಲಿಸಿ ಅರ್ಥ ಹೇಳಿದೆ. ಪೂರ್ತಿ ಕೇಳಿ ಸುಮ್ನೆ ಕೂತಿದ್ರು. ಆಮೇಲೆ ಕೇಳಿದ್ದು ಒಂದೇ, ಇವನು ಸೈಕಲ್ ಮೇಲೆ ಹೋಗ್ತಿದ್ನಾ ನಡ್ಕೊಂಡಾ ಅಂತ. ನಡ್ಕೊಂಡು ಅಪ್ಪಾ ಅಂದೆ. ಹ್ಞಾ ಅದಕ್ಕೇ, ಸೈಕಲಾದ್ರೆ ಮುಖ ಕಾಣಲ್ಲ ಅಂದ್ರು. ಈಗ ಇನ್ನೊಂದು ಸಲ ಹಾಕು ಅಂತಿದಾರೆ, ಈ ಸಲ ಮಧ್ಯೆ ಮಾತಾಡ್ಬೇಡ ಅಂತ.